ಸೊಸೈಟಿ ಪಾರ್ಕಿಂಗಿನಲ್ಲಿ ಇವಿ ಚಾರ್ಜರ್ ಹಾಕಿದ್ರೆ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗುತ್ತಾ?

ನೀವು ಕೇಳಿದ್ದು ಇಷ್ಟು. ಮುಲುಂಡ್‌ನಲ್ಲಿ ಅರವತ್ತು ಫ್ಲ್ಯಾಟಿನ ಹಳೆ ಸೊಸೈಟಿ. ನೀವು ಎಲೆಕ್ಟ್ರಿಕ್ ಕಾರು ಬುಕ್ ಮಾಡಿದ್ದೀರಿ, ಚಾರ್ಜರ್ ಹಾಕಲು ಕಮಿಟಿ ಎನ್‌ಒಸಿ ಕೊಡುತ್ತಿಲ್ಲ. "ಇವತ್ತು ನಿಮಗೆ ಕೊಟ್ಟರೆ ನಾಳೆ ಎಲ್ಲರೂ ಕೇಳ್ತಾರೆ, ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗುತ್ತೆ" ಅಂತಾರೆ ಸೆಕ್ರೆಟರಿ. ಇದು ನಿಜವಾ? ಸ್ಮಾರ್ಟ್ ಗ್ರಿಡ್ ಸ್ಮಾರ್ಟ್ ಗ್ರಿಡ್ ಅಂತ ಪೇಪರಿನಲ್ಲಿ ಬರುತ್ತಲ್ಲ, ಅದಕ್ಕೂ ನಮ್ಮ ಪಾರ್ಕಿಂಗಿಗೂ ಏನು ಸಂಬಂಧ?

ನಾನು ಗದಗ ಕಡೆಯವನು. ಡೊಂಬಿವಿಲಿಯಲ್ಲಿದ್ದೇನೆ, ಎಲೆಕ್ಟ್ರಿಕಲ್ ಕಾಂಟ್ರಾಕ್ಟ್ ನನ್ನ ಕೆಲಸ. ಠಾಣೆಯಿಂದ ಕಲ್ಯಾಣದವರೆಗೆ ಸೊಸೈಟಿಗಳ ಮೀಟರ್ ರೂಮಿನಲ್ಲೇ ದಿನ ಕಳೆಯುತ್ತದೆ. ನಿಮ್ಮ ಸೆಕ್ರೆಟರಿ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಆದರೆ ಎಷ್ಟು ಕಾರು ಬರುತ್ತವೆ ಅಂತ ಹೆದರುವುದಕ್ಕಿಂತ, ಎಷ್ಟು ಹೊತ್ತಿಗೆ ಪ್ಲಗ್ ಹಾಕುತ್ತಾರೆ ಅಂತ ಅವರು ಕೇಳಬೇಕು.

ಲೆಕ್ಕ ಹಾಕಿ ನೋಡಿ. ನಿಮ್ಮ ಸೊಸೈಟಿಯಲ್ಲಿ ಇಪ್ಪತ್ತು ಎಲೆಕ್ಟ್ರಿಕ್ ಕಾರು ಬಂದವು ಅಂತ ಇಟ್ಟುಕೊಳ್ಳೋಣ. ಕಾರಿನ ಜೊತೆ ಕೊಡುವ ಸಣ್ಣ ಚಾರ್ಜರ್ 3.3 ಕಿಲೋವಾಟ್. ಎಲ್ಲರೂ ಆಫೀಸಿನಿಂದ ಬಂದು ರಾತ್ರಿ ಏಳೂವರೆಗೆ ಪ್ಲಗ್ ಹಾಕಿದರೆ ಒಟ್ಟಿಗೆ 66 ಕಿಲೋವಾಟ್. ಅದೇ ಹೊತ್ತಿಗೆ ಲಿಫ್ಟ್, ನೀರಿನ ಪಂಪು, ಮನೆಮನೆಯ ಎಸಿ ಎಲ್ಲ ನಡೆಯುತ್ತಿರುತ್ತವೆ. ಹಳೆ ಕಟ್ಟಡದ ಮೇನ್ ಕೇಬಲ್ ಬಿಸಿಯಾಗುತ್ತದೆ, ಅನುಮಾನವೇ ಇಲ್ಲ.

ಈಗ ಇದನ್ನೇ ಇನ್ನೊಂದು ಕಡೆಯಿಂದ ನೋಡಿ. ದಿನಕ್ಕೆ ನಲವತ್ತು ಕಿಲೋಮೀಟರ್ ಓಡಿದರೆ ಒಂದು ಕಾರಿಗೆ ಬೇಕಾಗುವುದು ಸುಮಾರು ಆರು ಯೂನಿಟ್ (ಒಂದು ಕಿಲೋವಾಟ್ ಒಂದು ತಾಸು ಓಡಿದರೆ ಒಂದು ಯೂನಿಟ್). ಇಪ್ಪತ್ತು ಕಾರಿಗೆ 120 ಯೂನಿಟ್. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಎಂಟು ತಾಸು ಹರಡಿದರೆ ಬರೀ 15 ಕಿಲೋವಾಟ್! ಅದೇ ಕಾರು, ಅದೇ ಯೂನಿಟ್. ಪ್ರತಿ ಕಾರಿಗೂ ನಿಜವಾಗಿ ಬೇಕಿರುವುದು ಎರಡು ತಾಸು ಅಷ್ಟೇ, ಉಳಿದ ಹೊತ್ತು ಅದು ಸುಮ್ನೆ ನಿಂತಿರುತ್ತದೆ. ಯಾರದು ಯಾವಾಗ ಅಂತ ಹಂಚಲು ಒಬ್ಬರು ಬೇಕು. ಈ ಹಂಚುವ ಕೆಲಸವನ್ನು ವಾಚ್‌ಮನ್ ಬದಲು ಮಷಿನ್ ಮಾಡಿದರೆ ಅದೇ ಸ್ಮಾರ್ಟ್ ಚಾರ್ಜಿಂಗ್. ಇಡೀ ರಾಜ್ಯಕ್ಕೆ ಮಾಡಿದರೆ ಸ್ಮಾರ್ಟ್ ಗ್ರಿಡ್.

ರಾಜ್ಯದ ಮಟ್ಟದಲ್ಲೂ ತೊಂದರೆ ಸಾಯಂಕಾಲದ್ದೇ. ಮಧ್ಯಾಹ್ನ ಸೋಲಾರ್ ಕರೆಂಟು ಧಾರಾಳ. ನಮ್ಮ ಪಾವಗಡದ ಸೋಲಾರ್ ಪಾರ್ಕ್ ಒಂದೇ 2050 ಮೆಗಾವಾಟ್. ಆದರೆ ಜನ ಮನೆಗೆ ಬಂದು ಸ್ವಿಚ್ ಒತ್ತುವ ಹೊತ್ತಿಗೆ ಎಲ್ಲ ಕಡೆ ಸೋಲಾರ್ ಸೊನ್ನೆ. ಆಗ ಬೇಗ ಏರಬಲ್ಲ ಕರೆಂಟು ಬೇಕು. ಮಹಾರಾಷ್ಟ್ರದಲ್ಲಿ ಆ ಕೆಲಸಕ್ಕೆ ಕೊಯ್ನಾ ಇದೆ, 1960 ಮೆಗಾವಾಟ್ ಜಲವಿದ್ಯುತ್. ಕಳವಾದಲ್ಲಿರುವ ರಾಜ್ಯ ಲೋಡ್ ಡಿಸ್ಪ್ಯಾಚ್ ಸೆಂಟರಿನವರು ಕ್ಷಣಕ್ಷಣಕ್ಕೂ ಬೇಡಿಕೆ, ಪೂರೈಕೆ ಎರಡನ್ನೂ ಸರಿದೂಗಿಸುತ್ತಾರೆ. ಅವೆರಡೂ ಸಮ ಇವೆಯಾ ಅಂತ ತೋರಿಸುವ ಫ್ರೀಕ್ವೆನ್ಸಿ 50 ಹರ್ಟ್ಸ್ ಆಸುಪಾಸಿನಲ್ಲೇ ಇರಬೇಕು. ಅದು ದೇಶಕ್ಕೆಲ್ಲ ಒಂದೇ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಲೈನ್ ಚಾಲೂ ಆಗಿ ದಕ್ಷಿಣದ ಗ್ರಿಡ್ ಉಳಿದ ದೇಶದ್ದರ ಜೊತೆ ಸೇರಿತು. ಕರೆಂಟಿನ ವಿಷಯದಲ್ಲಿ ನಮ್ಮೂರೂ ಈ ಊರೂ ಅವತ್ತಿನಿಂದ ಒಂದೇ.

ಮುಂಬೈಗೆ ಎಲೆಕ್ಟ್ರಿಕ್ ಸಾರಿಗೆ ಹೊಸದು ಅಂತ ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ವಿಟಿಯಿಂದ (ಈಗಿನ ಸಿಎಸ್‌ಎಂಟಿ) ಕುರ್ಲಾಕ್ಕೆ ಎಲೆಕ್ಟ್ರಿಕ್ ಟ್ರೇನ್ ಓಡಿದ್ದು 1925ರ ಫೆಬ್ರವರಿ 3ಕ್ಕೆ. ಒಂದು ಲೋಕಲ್ ಸ್ಟೇಷನ್ ಬಿಟ್ಟು ಹೊರಡುವಾಗ ಸಾವಿರಾರು ಕಿಲೋವಾಟ್ ಎಳೆಯುತ್ತದೆ. ಈಗಿನ ರೇಕುಗಳು ಬ್ರೇಕ್ ಹಾಕುವಾಗ ಒಂದಿಷ್ಟು ಕರೆಂಟನ್ನು ತಂತಿಗೆ ವಾಪಸ್ಸೂ ಕೊಡುತ್ತವೆ. ಬೆಸ್ಟ್‌ನ ಎಸಿ ಡಬಲ್ ಡೆಕರ್ ಬಸ್ಸಿನ ಬ್ಯಾಟರಿ 231 ಯೂನಿಟ್, ಅಂದ್ರೆ ಒಂದು ಫ್ಲ್ಯಾಟಿನ ತಿಂಗಳ ಖರ್ಚಿನಷ್ಟು. ಇದನ್ನೆಲ್ಲ ತಡೆದುಕೊಳ್ಳುವ ಊರಿಗೆ ನಿಮ್ಮ ಕಾರು ಭಾರವಲ್ಲ. ಹಾಗಂತ ಮೇಲಿನ ಗ್ರಿಡ್ ಗಟ್ಟಿಯಾಗಿಯೇ ಇದೆ ಅಂತಲೂ ಅಲ್ಲ. 2020ರ ಅಕ್ಟೋಬರ್ 12ರಂದು ಬೆಳಗ್ಗೆ ಕರೆಂಟ್ ಹೋಗಿ ಲೋಕಲ್ಲುಗಳು ಹಳಿ ಮೇಲೆ ನಿಂತಿದ್ದು ನಿಮಗೂ ನೆನಪಿರಬಹುದು. ಹೊರಗಿನ ಕರೆಂಟನ್ನು ಊರೊಳಗೆ ತರುವ ಲೈನುಗಳು ಕಮ್ಮಿ ಇದ್ದವು. 2023ರಲ್ಲಿ ಖಾರ್ಘರ್–ವಿಕ್ರೋಳಿ 400 ಕೆವಿ ಲೈನ್ ಬಂದ ಮೇಲೆ ಸ್ವಲ್ಪ ಉಸಿರಾಡುವಂತಾಗಿದೆ.

ಆದರೆ ನಾನು ಕಂಡ ಹೆಚ್ಚಿನ ಅನಾಹುತ ಗ್ರಿಡ್ಡಿನಲ್ಲಿ ಆಗಿದ್ದಲ್ಲ. ಮೀಟರ್ ರೂಮಿನಿಂದ ಪಾರ್ಕಿಂಗಿನವರೆಗಿನ ಕೊನೆಯ ಮೂವತ್ತು ಮೀಟರ್ ದೂರದಲ್ಲಿ ಆಗಿದ್ದು. ಒಂದು ಸೊಸೈಟಿಯಲ್ಲಿ ಪಾರ್ಕಿಂಗಿನ ಟ್ಯೂಬ್‌ಲೈಟ್ ಲೈನಿನಿಂದಲೇ 15 ಆಂಪ್ ಸಾಕೆಟ್ ಎಳೆದಿದ್ದರು. 1.5 ಎಂಎಂ (ಚದರ ಮಿಲಿಮೀಟರ್ ಲೆಕ್ಕ) ತೆಳು ವಾಯರ್, ಮಧ್ಯೆ ಟೇಪ್ ಸುತ್ತಿದ ಜೋಡಣೆ. ಪ್ಲಗ್ಗಿನ ಒಂದು ಪಿನ್ ಕಂದು ಬಣ್ಣಕ್ಕೆ ತಿರುಗಿತ್ತು. ಸಾಕೆಟ್ಟಿನ ಆ ತೂತಿನ ಸುತ್ತ ಪ್ಲಾಸ್ಟಿಕ್ ಕರಗಿ ತುಟಿಯ ಹಾಗೆ ಹೊರಗೆ ಬಂದಿತ್ತು. ಕಾರಣ ಸಿಂಪಲ್. ಗೀಸರ್ ಇಪ್ಪತ್ತು ನಿಮಿಷ ಓಡಿ ಕಟ್ ಆಗುತ್ತದೆ, ವಾಯರಿಗೆ ತಣ್ಣಗಾಗಲು ಪುರುಸೊತ್ತು ಸಿಗುತ್ತದೆ. ಕಾರು 14 ಆಂಪ್ ಹಿಡಿದರೆ ತಾಸುಗಟ್ಟಲೆ ಬಿಡುವುದಿಲ್ಲ. ಸಡಿಲವಾದ ಒಂದು ಸ್ಕ್ರೂ ಸಾಕು. ಅದಕ್ಕೇ ಹೇಳುವುದು: ಪ್ಯಾನೆಲ್ಲಿನಿಂದ ಬೇರೆಯೇ ಲೈನ್, 3.3 ಕಿಲೋವಾಟಿಗೆ 4 ಎಂಎಂ ತಾಮ್ರ, 7.2 ಕಿಲೋವಾಟಿನ ವಾಲ್‌ಬಾಕ್ಸಿಗೆ 6 ಎಂಎಂ, ಸ್ವಂತ ಎಂಸಿಬಿ (ಲೋಡ್ ಜಾಸ್ತಿಯಾದರೆ ಕಟ್ ಮಾಡುವ ಸ್ವಿಚ್), ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಟ್ ಮಾಡುವ ಸ್ವಿಚ್), ಸರಿಯಾದ ಅರ್ಥಿಂಗ್. ಎಕ್ಸ್‌ಟೆನ್ಷನ್ ಬೋರ್ಡ್ ಮಾತ್ರ ಬೇಡವೇ ಬೇಡ.

ಬಿಲ್ಲಿನ ವಿಷಯ. ಮುಲುಂಡ್ ರಾಜ್ಯ ಸರ್ಕಾರದ ಕರೆಂಟ್ ಕಂಪನಿ ಮಹಾವಿತರಣದ ಕೆಳಗೆ ಬರುತ್ತದೆ. ಮನೆ ಮೀಟರಿನಿಂದಲೇ ಚಾರ್ಜ್ ಮಾಡಬಹುದು, ಆದರೆ ಸ್ಲ್ಯಾಬ್ ನೋಡಿಕೊಳ್ಳಿ. 300 ಯೂನಿಟ್ ದಾಟಿದ ಮೇಲೆ ದರ ಜಾಸ್ತಿ. ಕಾರಿಗೆ ತಿಂಗಳಿಗೆ 150ರಿಂದ 180 ಯೂನಿಟ್ ಸೇರಿದರೆ ಹೆಚ್ಚಿನ ಮನೆಗಳು ಆ ಗೆರೆ ದಾಟುತ್ತವೆ. 2024ರಲ್ಲಿ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ಬಂದಿದೆ. ಅದರ ಪ್ರಕಾರ ಇವಿ ಚಾರ್ಜಿಂಗಿಗೆ ಪ್ರತ್ಯೇಕ ಕನೆಕ್ಷನ್ ಕೇಳುವ ಹಕ್ಕು ನಿಮಗಿದೆ. ಎರಡೂ ಲೆಕ್ಕ ಹಾಕಿ ತೀರ್ಮಾನ ಮಾಡಿ.

ಸ್ಮಾರ್ಟ್ ಮೀಟರ್ ಬಗ್ಗೆ ಇಲ್ಲಿ ಜನರಿಗೆ ಸಿಟ್ಟಿದೆ. ವಿರೋಧ ಜೋರಾದ ಮೇಲೆ 2024ರಲ್ಲಿ ರಾಜ್ಯ ಸರ್ಕಾರ ಸಾಮಾನ್ಯ ಗ್ರಾಹಕರಿಗೆ ಪ್ರಿಪೇಯ್ಡ್ ಮೀಟರ್ ಇಲ್ಲ ಅಂತ ಹೇಳಬೇಕಾಯ್ತು. ನನ್ನ ಅಭಿಪ್ರಾಯ ಕೇಳಿದರೆ, ಮೀಟರ್ ಒಂದೇ ಹಾಕಿ ಸ್ಮಾರ್ಟ್ ಗ್ರಿಡ್ ಅನ್ನುವುದು ತಮಾಷೆ. ಅದು ಯಾವ ಹೊತ್ತಿಗೆ ಎಷ್ಟು ಸುಟ್ಟಿರಿ ಅಂತ ಬರೆದಿಡುತ್ತದೆ, ಅಷ್ಟೇ. ಆ ಹೊತ್ತಿಗೆ ತಕ್ಕ ದರ ಇದ್ದಾಗ ನಮಗೂ ಲಾಭ. ಮಹಾವಿತರಣದಲ್ಲಿ 2025ರ ಜುಲೈಯಿಂದ ಇದು ಶುರುವಾಯ್ತು: ಟಿಒಡಿ (ಹೊತ್ತಿಗೆ ತಕ್ಕ ದರದ) ಮೀಟರ್ ಇರುವ ಮನೆಗಳಿಗೆ ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಯೂನಿಟ್ಟಿಗೆ 80 ಪೈಸೆ ರಿಯಾಯಿತಿ. ಈಗಿನ ದರ ನಿಮ್ಮ ಬಿಲ್ಲಿನಲ್ಲೇ ನೋಡಿ. ಆದರೆ ಹಗಲು ಹೊತ್ತಿನಲ್ಲಿ ಕಾರು ಬಿಕೆಸಿಯಲ್ಲೋ ಪವಾಯಿಯಲ್ಲೋ ನಿಂತಿರುತ್ತದೆ, ಅಲ್ವಾ? ಹಾಗಾಗಿ ಆಫೀಸಿನ ಪಾರ್ಕಿಂಗಿನಲ್ಲೂ ಚಾರ್ಜರ್ ಇರಬೇಕು. ಈ ಮಾತು ಯಾಕೋ ಯಾರೂ ಜೋರಾಗಿ ಹೇಳುವುದಿಲ್ಲ. ಕಾರಿನ ಬ್ಯಾಟರಿಯಿಂದ ಗ್ರಿಡ್ಡಿಗೆ ಕರೆಂಟ್ ಮಾರುವ ಮಾತೂ ಇದೆ. ಅದನ್ನು ನಂಬಿ ಕಾರು ಕೊಳ್ಳಬೇಡಿ.

ಕಮಿಟಿಗೆ ಏನು ಹೇಳಬೇಕು? ನಿಮ್ಮೊಬ್ಬರ ಪಾಯಿಂಟಿಗೆ ಜಗಳ ಆಡಬೇಡಿ. ಇಪ್ಪತ್ತು ಜನ ಇಪ್ಪತ್ತು ಕೇಬಲ್ ಎಳೆದರೆ ಮೀಟರ್ ರೂಮಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಆ ವಿಷಯದಲ್ಲಿ ಸೆಕ್ರೆಟರಿ ಸರಿ. ಅದರ ಬದಲು ಸೊಸೈಟಿ ಹೆಸರಲ್ಲಿ ಇವಿಗೆ ಅಂತಲೇ ಒಂದು ಕನೆಕ್ಷನ್ ತಗೊಳ್ಳಲಿ, 25 ಕಿಲೋವಾಟ್ ಸಾಕು. ಅದರ ಮೇಲೆ ಲೋಡ್ ಮ್ಯಾನೇಜ್‌ಮೆಂಟ್ ಇರುವ ಚಾರ್ಜರುಗಳು. ಹತ್ತು ಕಾರು ಒಟ್ಟಿಗೆ ಪ್ಲಗ್ ಹಾಕಿದರೆ ಅದು ಎಲ್ಲರಿಗೂ ತಗ್ಗಿಸಿ ಕೊಡುತ್ತದೆ, ಇಲ್ಲವೇ ಸರದಿಯಲ್ಲಿ ಕೊಡುತ್ತದೆ. 25 ದಾಟಲು ಬಿಡುವುದಿಲ್ಲ. ಬೆಳಗ್ಗೆ ಎಲ್ಲರ ಕಾರೂ ರೆಡಿ. ಯಾರು ಎಷ್ಟು ಯೂನಿಟ್ ಅಂತ ಆ್ಯಪಿನಲ್ಲಿ ಬರುತ್ತದೆ, ಮೇಂಟೆನೆನ್ಸ್ ಬಿಲ್ಲಿಗೆ ಸೇರಿಸಿದರಾಯ್ತು.

ಮೀಟಿಂಗಿಗೆ ಮುಂಚೆ ಸೊಸೈಟಿಯ ಲೈಟ್ ಬಿಲ್ ಒಮ್ಮೆ ತೆಗೆದು ನೋಡಿ. ಮಂಜೂರಾದ ಲೋಡ್ ಅದರಲ್ಲೇ ಬರೆದಿರುತ್ತದೆ. ಅದನ್ನೂ, ನಿಮ್ಮ ಪಾರ್ಕಿಂಗ್ ಮೀಟರ್ ರೂಮಿನಿಂದ ಎಷ್ಟು ದೂರ ಅಂತಲೂ ಇಲ್ಲಿ ಬರೆದರೆ ಕೇಬಲ್ಲಿನ ಅಂದಾಜು ಹೇಳುತ್ತೇನೆ.