ಪ್ರತಿ: ಉಪಕರಣವಿಲ್ಲದೆ ಹರ್ಟ್ಸ್ ಆವರ್ತನ ತಿಳಿದದ್ದು ಹೇಗೆ?

ಆಸಿಲೋಸ್ಕೋಪ್ (ವಿದ್ಯುತ್ ಕಂಪನವನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಇಲ್ಲದ ಕಾಲದಲ್ಲಿ, ರೇಡಿಯೋ ತರಂಗಗಳನ್ನು ಪ್ರಯೋಗದಲ್ಲಿ ತೋರಿಸಿದ ಜರ್ಮನ್ ವಿಜ್ಞಾನಿ ಹೈನ್ರಿಶ್ ಹರ್ಟ್ಸ್ ಅವುಗಳ ಆವರ್ತನ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬುದನ್ನು ಹೇಗೆ ಅಳೆದರು ಎಂದು ಕೇಳಿದ್ದೀರಿ. ಅವರು ಆವರ್ತನವನ್ನು ನೇರವಾಗಿ ಅಳೆಯಲೇ ಇಲ್ಲ. ಅಳೆದದ್ದು ತರಂಗದ ಉದ್ದ. ಆವರ್ತನ ಬಂದದ್ದು ಆಂದೋಲಕದ (ಕಿಡಿ ಹಾರಿಸಿ ತರಂಗ ಹುಟ್ಟಿಸುವ ಸಾಧನದ) ಇಂಡಕ್ಟನ್ಸ್ (ವಿದ್ಯುತ್ ಪ್ರವಾಹದ ಬದಲಾವಣೆಯನ್ನು ತಡೆಯುವ ಗುಣ) ಮತ್ತು ಕೆಪಾಸಿಟನ್ಸ್ (ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ) ಲೆಕ್ಕದಿಂದ. ತರಂಗದ ಉದ್ದ, ಆವರ್ತನ ಎರಡನ್ನೂ ಗುಣಿಸಿದರೆ ತರಂಗದ ವೇಗ.

1888ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಯ ನಗರದಲ್ಲಿ ಉಪನ್ಯಾಸ ಕೊಠಡಿಯ ಗೋಡೆಗೆ 4 ಮೀಟರ್ ಎತ್ತರ, 2 ಮೀಟರ್ ಅಗಲದ ಸತುವಿನ ತಗಡು ಹೊಡೆಸಿದರು. ಹೋದ ತರಂಗ, ಮರಳಿದ ತರಂಗ ಸೇರಿ ಸ್ಥಿರ ತರಂಗವಾಯಿತು, ಅಂದರೆ ಪ್ರಬಲ ಮತ್ತು ದುರ್ಬಲ ಜಾಗಗಳು ಕದಲದೆ ನಿಂತವು. 35 ಸೆಂ.ಮೀ. ತ್ರಿಜ್ಯದ ತಂತಿಯ ಬಳೆ ಹಿಡಿದು, ಕತ್ತಲಲ್ಲಿ ಅದರ ಸಣ್ಣ ಸಂದಿಯ ಕಿಡಿ ಎಲ್ಲಿ ಆರುತ್ತದೆ, ಎಲ್ಲಿ ಹೊಳೆಯುತ್ತದೆ ಎಂದು ಗುರುತು ಹಾಕಿದರು. ಕಿಡಿ ಆರುವ ಅಕ್ಕಪಕ್ಕದ ಎರಡು ಜಾಗಗಳ ಅಂತರವೇ ತರಂಗದ ಉದ್ದದ ಅರ್ಧ. ಅದು ಸುಮಾರು 4.8 ಮೀಟರ್, ಅಂದರೆ ಇಂದಿನ ಲೆಕ್ಕದಲ್ಲಿ 31 ಮೆಗಾಹರ್ಟ್ಸ್.

ಹರ್ಟ್ಸ್ ಎಡವಿದ್ದು ಲೆಕ್ಕದ ಕಡೆ. ಮೊದಲ ಪ್ರಬಂಧಗಳಲ್ಲಿ ಅವರು ಕೆಪಾಸಿಟನ್ಸನ್ನು ಎರಡು ಪಟ್ಟು ಹಿಡಿದಿದ್ದರು. ಆವರ್ತಕಾಲ (ಒಂದು ಕಂಪನಕ್ಕೆ ಹಿಡಿಯುವ ಸಮಯ) √2 ಪಟ್ಟಾಯಿತು. ತಪ್ಪು ತೋರಿಸಿದವರು ಫ್ರೆಂಚ್ ಗಣಿತಜ್ಞ ಪ್ವಾಂಕಾರೆ.

ಇದನ್ನು ಮನೆಯಲ್ಲಿ ಮಾಡಿ ನೋಡಲು ಕಿಡಿ ಆಂದೋಲಕ ಬೇಡ, ಸುತ್ತಲಿನ ರೇಡಿಯೋಗೆಲ್ಲ ತೊಂದರೆ. ಮೈಕ್ರೋವೇವ್ ಒಲೆಯ ತಿರುಗುವ ತಟ್ಟೆ ಮತ್ತು ಅದರ ಚಕ್ರ ತೆಗೆದು, ಮಗುಚಿಟ್ಟ ತಟ್ಟೆಯ ಮೇಲೆ ಹಸಿ ಹಪ್ಪಳ ಇಡಿ. ಅಲ್ಲಲ್ಲಿ ಗುಳ್ಳೆ ಎದ್ದ ಕೂಡಲೇ ನಿಲ್ಲಿಸಿ. ತಡವಾದರೆ ಇಡೀ ಹಪ್ಪಳ ಅರಳಿ ಗುರುತು ಅಳಿಯುತ್ತದೆ. ಗುಳ್ಳೆಗಳ ನಡುವಿನ ಅಂತರ ತರಂಗದ ಉದ್ದದ ಅರ್ಧ, ಸುಮಾರು 6 ಸೆಂ.ಮೀ. ಬರಬೇಕು. ಒಲೆಯೊಳಗೆ ತರಂಗ ಮೂರೂ ದಿಕ್ಕಿಗೆ ಪುಟಿಯುವುದರಿಂದ ಅಂತರ ಹೆಚ್ಚುಕಡಿಮೆ ಆಗುತ್ತದೆ, ನಾಲ್ಕೈದು ಹಪ್ಪಳದ ಸರಾಸರಿ ತೆಗೆಯಿರಿ. ಅದರ ಎರಡರಷ್ಟನ್ನು ಒಲೆಯ ಹಿಂಬದಿಯಲ್ಲಿ ಬರೆದಿರುವ 2450 ಮೆಗಾಹರ್ಟ್ಸ್‌ನಿಂದ ಗುಣಿಸಿದರೆ ಬೆಳಕಿನ ವೇಗಕ್ಕೆ ಹತ್ತಿರದ ಸಂಖ್ಯೆ.