ರೀಮ್ಯಾಪ್ ಆದ ಕಾರಿಗೆ ಯಾವ ಕ್ಲಚ್?

ಪ್ರಶ್ನೆ: ನನ್ನದು ಪೋಲೊ ಜಿಟಿ ಟಿಡಿಐ, 1.5 ಲೀಟರ್ ಡೀಸೆಲ್. ಕಂಪನಿ ಕೊಟ್ಟ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) 250 ಎನ್‌ಎಂ (ನ್ಯೂಟನ್ ಮೀಟರ್). ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸುವುದು) ಆದ ಮೇಲೆ ಟಾರ್ಕ್ ಅಳೆಯುವ ಡೈನೊ ಯಂತ್ರದಲ್ಲಿ 340 ತೋರಿಸಿದೆ. ಈಗ ಶಿರಾಡಿ ಘಾಟಿ ಹತ್ತುವಾಗ ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ. ಸೆರಾಮಿಕ್ ಕ್ಲಚ್ ಪ್ಲೇಟ್ ಹಾಕಿಸಿ ಎಂದು ಒಬ್ಬರು, ಹಳೇ ಪ್ಲೇಟಿಗೇ ಹೊಸ ಫೇಸಿಂಗ್ (ಉಜ್ಜಿ ಹಿಡಿಯುವ ಪದರ) ಹೊಡೆಸಿದರೆ ಸಾಕು ಎಂದು ಇನ್ನೊಬ್ಬರು. ಕಾರು ದಿನಾ ಆಫೀಸಿಗೂ ಬೇಕು. ಕಡಿಮೆ ಖರ್ಚಿನಲ್ಲಿ ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ಎರಡೂ ಬೇಡ. ನಿಮ್ಮ ಕ್ಲಚ್ ಜಾರುತ್ತಿದೆ. ನಿಮಗೆ ಬೇಕಿರುವುದು ಗಟ್ಟಿ ಪ್ರೆಷರ್ ಪ್ಲೇಟ್ (ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ, ಅಂದರೆ ಎಂಜಿನ್ನಿನ ಭಾರದ ಚಕ್ರಕ್ಕೆ, ಒತ್ತಿ ಹಿಡಿಯುವ ಭಾಗ), ಅದರ ಜೊತೆಗೆ ಒಳ್ಳೆಯ ಆರ್ಗ್ಯಾನಿಕ್ (ನಾರು ಮತ್ತು ರಾಳದ ಫೇಸಿಂಗ್ ಇರುವ) ಕ್ಲಚ್ ಪ್ಲೇಟ್.

ಕ್ಲಚ್ ಹಿಡಿಯುವ ಟಾರ್ಕ್ ಮೂರು ವಿಷಯಗಳ ಮೇಲೆ ನಿಂತಿದೆ: ಪ್ರೆಷರ್ ಪ್ಲೇಟಿನ ಒತ್ತಡ, ಫೇಸಿಂಗಿನ ಹಿಡಿತ, ಪ್ಲೇಟಿನ ಅಳತೆ. ಪೋಲೊದಲ್ಲಿ ಅಳತೆ ಬದಲಿಸಲು ಹೋದರೆ ಫ್ಲೈವೀಲನ್ನೂ ಬದಲಿಸಬೇಕು, ಖರ್ಚು ಕೈ ಮೀರುತ್ತದೆ. ಸೆರಾಮಿಕ್ ಬಟನ್ ಪ್ಲೇಟ್ ಹಿಡಿಯುವುದೇನೋ ಹಿಡಿಯುತ್ತದೆ. ಆದರೆ ಅದಕ್ಕೆ ಹಾಫ್ ಕ್ಲಚ್ ಎಂಬುದೇ ಇಲ್ಲ, ಒಂದೇ ಏಟಿಗೆ ಕಚ್ಚುತ್ತದೆ. ಟ್ರಾಫಿಕ್ಕಿನಲ್ಲಿ ಕಾರು ಕುಪ್ಪಳಿಸುತ್ತದೆ, ಫ್ಲೈವೀಲಿನ ಮುಖ ಬೇಗ ಸವೆಯುತ್ತದೆ. ಒತ್ತಡ ಹೆಚ್ಚಿಸಿದರೆ ಮಾತ್ರ ಈ ಕಾಟವಿಲ್ಲದೆ ಹಿಡಿತ ಅದೇ ಪ್ರಮಾಣದಲ್ಲಿ ಏರುತ್ತದೆ. ಪೆಡಲ್ ಸ್ವಲ್ಪ ಗಟ್ಟಿಯಾಗುತ್ತದೆ, ಅಷ್ಟೇ.

ಎಷ್ಟು ಬೇಕು? ಎಂಜಿನ್ ಟಾರ್ಕಿನ ಮೇಲೆ ಶೇ. 20 ಸೇರಿಸಿ: 340ಕ್ಕೆ ಸುಮಾರು 410 ಎನ್‌ಎಂ. ಅಂಗಡಿಯವರಿಗೆ ಈ ಸಂಖ್ಯೆಯನ್ನೇ ಹೇಳಿ. ತಯಾರಕರು ಕ್ಲಚ್ಚಿನ ಸಾಮರ್ಥ್ಯಕ್ಕೆ ಇಡುವ ‘ಸ್ಟೇಜ್ 1’, ‘ಸ್ಟೇಜ್ 2’ ಎಂಬ ಹೆಸರುಗಳಿಗೆ ಬೆಲೆ ಕೊಡಬೇಡಿ. ಒಬ್ಬ ತಯಾರಕನ ಸ್ಟೇಜ್ 2 ಇನ್ನೊಬ್ಬನ ಸ್ಟೇಜ್ 1ಕ್ಕೆ ಸಮವಿರಬಹುದು. 600 ಎನ್‌ಎಂ ಹಿಡಿಯುವುದನ್ನು ತಂದರೂ ತಪ್ಪೇ. ಪೆಡಲ್ ಒತ್ತಿದಾಗಲೆಲ್ಲ ಆ ಭಾರ ಕ್ರ್ಯಾಂಕ್, ಅಂದರೆ ಎಂಜಿನ್ನಿನ ಮುಖ್ಯ ಶಾಫ್ಟ್, ಹಿಂದೆಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗ್ ಮೇಲೆ ಬೀಳುತ್ತದೆ.

ಸ್ಥಳೀಯವಾಗಿ ಫೇಸಿಂಗ್ ಹೊಡೆಸುವ ಮಾತಿಗೆ ಬರೋಣ. ಹಳೇ ಪ್ಲೇಟಿನ ನಡುವಿನ ಸ್ಪ್ಲೈನ್ (ಗೇರ್‌ಬಾಕ್ಸ್ ಶಾಫ್ಟಿಗೆ ಕೂರುವ ಹಲ್ಲುಗಳು) ಸವೆದಿರುತ್ತದೆ, ಫೇಸಿಂಗ್ ಕೆಳಗಿನ ಅಲೆಯಾಕಾರದ ಸ್ಟೀಲ್ ಪಟ್ಟಿಗಳು ಚಪ್ಪಟೆಯಾಗಿರುತ್ತವೆ. ರಿವೆಟ್ ಸರಿಯಾಗಿ ಕೂರದೆ ಹೆಚ್ಚಿನ ಆರ್‌ಪಿಎಂನಲ್ಲಿ ಫೇಸಿಂಗ್ ಹಾರಿಹೋದರೆ ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗೇ ಸೀಳಬಹುದು. ಉಳಿತಾಯ ಮಾಡುವ ಜಾಗ ಇದಲ್ಲ.

ದುಡ್ಡು ಬಿಚ್ಚುವ ಮುನ್ನ ಎರಡು ಕೆಲಸ ಮಾಡಿ. ಗೇರ್‌ಬಾಕ್ಸ್ ಇಳಿಸಿದಾಗ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ. ಫೇಸಿಂಗ್ ಇನ್ನೂ ದಪ್ಪಗಿದ್ದು ಕಪ್ಪಗೆ ಜಿಡ್ಡಾಗಿದ್ದರೆ ಕ್ಲಚ್ಚಿನ ತಪ್ಪಿಲ್ಲ, ಕ್ರ್ಯಾಂಕ್ ಅಥವಾ ಇನ್‌ಪುಟ್ ಶಾಫ್ಟ್ ಆಯಿಲ್ ಸೀಲ್ ಸೋರುತ್ತಿದೆ. ಸೀಲ್ ಹಾಕದೆ ಎಂಥ ಕ್ಲಚ್ ಹಾಕಿದರೂ ಮತ್ತೆ ಜಾರುತ್ತದೆ. ಇನ್ನೊಂದು, ರೀಮ್ಯಾಪ್ ಮಾಡಿದ ಟ್ಯೂನರ್ ಬಳಿ ಹೋಗಿ 2,000 ಆರ್‌ಪಿಎಂ ಕೆಳಗಿನ ಟಾರ್ಕ್ ತಗ್ಗಿಸಿ, ನಿಧಾನವಾಗಿ ಏರುವಂತೆ ಮಾಡಿಸಿ. ಟರ್ಬೊ ಡೀಸೆಲ್ಲಿನಲ್ಲಿ ಕ್ಲಚ್ ಸುಡುವುದು ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕ್ ಒಮ್ಮೆಲೇ ನುಗ್ಗಿದಾಗ. ಇಷ್ಟರಲ್ಲೇ ಎಷ್ಟೋ ಕ್ಲಚ್ಚುಗಳ ಆಯಸ್ಸು ಹೆಚ್ಚುತ್ತದೆ.

ಗೇರ್‌ಬಾಕ್ಸ್ ಇಳಿಸುವ ಕೂಲಿಯೇ ದೊಡ್ಡದು. ಆದ್ದರಿಂದ ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್), ಸೀಲುಗಳು, ಫ್ಲೈವೀಲ್ ಬೋಲ್ಟುಗಳನ್ನು ಆಗಲೇ ಹೊಸದು ಹಾಕಿಸಿ. ಆ ಬೋಲ್ಟುಗಳು ಬಿಗಿದಾಗ ಹಿಗ್ಗುವಂಥವು, ಎರಡನೇ ಸಲ ಬಳಸುವಂತಿಲ್ಲ. ಡ್ಯುಯಲ್ ಮಾಸ್ ಫ್ಲೈವೀಲಿದ್ದರೆ (ನಡುವೆ ಸ್ಪ್ರಿಂಗ್ ಇರುವ ಎರಡು ಭಾಗಗಳದ್ದು) ಕೈಯಲ್ಲಿ ಎರಡೂ ಕಡೆ ತಿರುಗಿಸಿ ನೋಡಿ. ಸ್ಪ್ರಿಂಗ್ ತಡೆಯಿಲ್ಲದ ಆಟ ಮಿತಿ ಮೀರಿದ್ದರೆ ಅಥವಾ ಗ್ರೀಸ್ ಹೊರಗೆ ಚಿಮ್ಮಿದ್ದರೆ ಬದಲಿಸಲೇಬೇಕು. ಬೆಲೆ ನೋಡಿ ಒಂದೇ ತುಂಡಿನ ಸಿಂಗಲ್ ಮಾಸ್‌ಗೆ ಹೋಗುವುದಾದರೆ ಸ್ಪ್ರಿಂಗ್ ಇರುವ ಕ್ಲಚ್ ಪ್ಲೇಟನ್ನೇ ಕೊಳ್ಳಿ. ಆಗಲೂ ನ್ಯೂಟ್ರಲ್‌ನಲ್ಲಿ ಗೇರ್‌ಬಾಕ್ಸಿನ ಗರಗರ ಸದ್ದು ಸ್ವಲ್ಪ ಇದ್ದೇ ಇರುತ್ತದೆ.

ಹೊಸ ಪ್ಲೇಟ್ ಹಾಕಿದ ಮೇಲೆ ಮೊದಲ 800 ಕಿ.ಮೀ. ಊರೊಳಗೆ, ಆಗಾಗ ಗೇರ್ ಬದಲಿಸುತ್ತ ಓಡಿಸಿ. ಅಲ್ಲಿಯವರೆಗೆ ಫುಲ್ ಆಕ್ಸಿಲರೇಟರ್ ಬೇಡ.

ಪ್ರಶ್ನೆ: ಅಮೆರಿಕದಲ್ಲಿದ್ದೇನೆ. 1991ರ ಮಾಜ್ದಾ ಮಿಯಾಟಾ 1.6 ಲೀಟರ್ ಕಾರಿಗೆ ಸಣ್ಣ ಟರ್ಬೊ ಹಾಕಿಸುತ್ತಿದ್ದೇನೆ. ಅಗ್ಗದ ಕ್ಲಚ್ ದಾರಿ ಇದೆಯೇ?
– ಓದುಗರು, ನ್ಯೂಜೆರ್ಸಿ

ಉತ್ತರ: ನಿಮಗೆ ಪೋಲೊದವರಿಗಿಲ್ಲದ ಅನುಕೂಲವಿದೆ. 1.6ರಲ್ಲಿರುವುದು 200 ಮಿ.ಮೀ. ಕ್ಲಚ್, 1994ರಿಂದ ಬಂದ 1.8 ಲೀಟರ್ ಮಿಯಾಟಾದಲ್ಲಿ 215 ಮಿ.ಮೀ. ಇದೆ. 1.8ರ ಫ್ಲೈವೀಲ್ ನಿಮ್ಮ ಕ್ರ್ಯಾಂಕಿಗೆ ನೇರವಾಗಿ ಕೂರುತ್ತದೆ. ಫ್ಲೈವೀಲ್, ಪ್ಲೇಟ್, ಪ್ರೆಷರ್ ಪ್ಲೇಟ್ ಮೂರೂ 1.8ರದ್ದೇ ಇರಲಿ, ಬೆರೆಸಬೇಡಿ. ಫ್ಲೈವೀಲ್ ಸೆಕೆಂಡ್‌ಹ್ಯಾಂಡ್ ಸಾಕು, ಮುಖವನ್ನು ಮೆಷಿನ್ ಮಾಡಿಸಿ ಹಾಕಿ. ಗೇರ್‌ಬಾಕ್ಸ್ ಶಾಫ್ಟಿನ ತುದಿಯನ್ನು ಹಿಡಿಯುವ ಪೈಲಟ್ ಬೇರಿಂಗ್ ಮಾತ್ರ ಹೊಸದೇ ಆಗಬೇಕು.

ಪ್ರಶ್ನೆ: ಹೊಸ ಕ್ಲಚ್ ಹಾಕಿಸಿದ ಮೇಲೆ ಕಾರು ಹೊರಡುವಾಗ ನಡುಗುತ್ತದೆ. ಏಕೆ?
– ಓದುಗರು, ದಾವಣಗೆರೆ

ಉತ್ತರ: ಹೆಚ್ಚಾಗಿ ಸ್ಪ್ಲೈನಿಗೆ ಹಚ್ಚಿದ ಗ್ರೀಸ್ ಜಾಸ್ತಿಯಾಗಿ ಫೇಸಿಂಗ್ ಮೇಲೆ ಸಿಡಿದಿರುತ್ತದೆ. ತೆಳುವಾಗಿ ಸವರಿ ಉಳಿದದ್ದನ್ನು ಒರೆಸಬೇಕು. ಫ್ಲೈವೀಲಿನಲ್ಲಿ ಸುಟ್ಟ ನೀಲಿ ಮಚ್ಚೆಗಳನ್ನು ಹಾಗೇ ಬಿಟ್ಟಿದ್ದರೂ ನಡುಕ ಬರುತ್ತದೆ. ಆದರೆ ಗೇರ್‌ಬಾಕ್ಸ್ ಮತ್ತೆ ಇಳಿಸುವ ಮೊದಲು ಎಂಜಿನ್ನನ್ನು ಹಿಡಿದಿರುವ ರಬ್ಬರ್ ಮೌಂಟುಗಳನ್ನು ನೋಡಿಸಿ. ರಬ್ಬರ್ ಹರಿದಿದ್ದರೂ ಇದೇ ಲಕ್ಷಣ.