ತವರು ಹಾಸನದಲ್ಲಿದ್ದರೆ ವಿಚ್ಛೇದನದ ಅರ್ಜಿ ಎಲ್ಲಿ, ಯಾವಾಗ?

ಮೈಸೂರಿನಲ್ಲಿ ಮದುವೆಯಾಗಿ, ಎಂಟೇ ತಿಂಗಳಿಗೆ ಬೆಂಗಳೂರಿನ ಗಂಡನ ಮನೆ ಬಿಟ್ಟು ಹಾಸನದ ತವರಿಗೆ ಬಂದಿರುವ ನೀವು ಹಾಸನದಲ್ಲೇ ವಿಚ್ಛೇದನಕ್ಕೆ ಅರ್ಜಿ ಹಾಕಬಹುದೇ ಎಂದು ಕೇಳಿದ್ದೀರಿ. ಖಂಡಿತ ಹಾಕಬಹುದು. 1955ರ ಹಿಂದೂ ವಿವಾಹ ಕಾಯ್ದೆಯ 19ನೇ ಕಲಮಿನ ಪ್ರಕಾರ ಮದುವೆ ನಡೆದ ಊರು, ಕೊನೆಯದಾಗಿ ಒಟ್ಟಿಗೆ ಬಾಳಿದ ಊರು, ಎದುರುದಾರರು ವಾಸವಿರುವ ಊರು ಇವುಗಳಲ್ಲಿ ಎಲ್ಲಾದರೂ ಸರಿ. ಅರ್ಜಿದಾರಳು ಹೆಂಡತಿಯಾದರೆ ಆಕೆ ಈಗ ವಾಸಿಸುತ್ತಿರುವ ಊರೂ ಆಗುತ್ತದೆ. 2003ರ ತಿದ್ದುಪಡಿ ಕೊಟ್ಟ ಈ ಹಕ್ಕನ್ನು ಯಾರ ಮಾತಿಗೂ ಬಿಟ್ಟುಕೊಡಬೇಡಿ.

ಆದರೆ ಮದುವೆಯಾಗಿ ವರ್ಷ ತುಂಬಿರಬೇಕು. ನಿಮಗೆ ಅಸಾಧಾರಣ ಸಂಕಷ್ಟವಿದ್ದರೆ ಅಥವಾ ಎದುರುದಾರರ ನಡತೆ ಅಸಾಧಾರಣವಾಗಿ ನೀಚವಾಗಿದ್ದರೆ ಮಾತ್ರ ನ್ಯಾಯಾಲಯದ ಅನುಮತಿ ಪಡೆದು ಮೊದಲೇ ಸಲ್ಲಿಸಬಹುದು. ಹೊಡೆತ, ಬೆದರಿಕೆ ಇದ್ದರೆ ದಯವಿಟ್ಟು ಅಲ್ಲಿಯವರೆಗೆ ಕಾಯಬೇಡಿ: ಕೌಟುಂಬಿಕ ಹಿಂಸೆ ತಡೆಯುವ 2005ರ ಕಾಯ್ದೆಯಡಿ ಇಂದೇ ರಕ್ಷಣೆ ಕೋರಬಹುದು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಉಚಿತವಾಗಿ ವಕೀಲರು ಸಿಗುತ್ತಾರೆ.